ಕಾಲು ಹಿಡಿದ ಪ್ರಕರಣ

ನೋವಿದ್ದರೆ ಡಾಕ್ಟರಿದ್ದಾರೆ. ಡಾಕ್ಟರಿದ್ದರೆ ಗುಳಿಗೆ ಇದೆ. ಗುಳಿಗೆ ನುಂಗಿದರೆ ನಿದ್ದೆ ಬರುತ್ತದೆ. ಸಂಸಾರದ ಎಲ್ಲ ಕಷ್ಟಗಳನ್ನೂ ಹೀಗೆ ಮೂರು ಮಾತಿನಲ್ಲಿ ಮುಗಿಸುವ ಹೆಂಗಸು ನಾನು. ಮಗಳನ್ನು ಒಳ್ಳೆಯ ಮನೆಗೆ ಕೊಟ್ಟಾಗಿತ್ತು, ಮಗ ಬಳ್ಳಾರಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ, ಕೊಟ್ಟೂರಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು, ಮನೆಯಲ್ಲಿ ಅತ್ತೆ ಇದ್ದರು. ಅತ್ತೆಯನ್ನೇ ಇಪ್ಪತ್ತು ವರ್ಷ ಸಂಭಾಳಿಸಿದವಳಿಗೆ ಎರಡು ಕಾಲು ಸಂಭಾಳಿಸುವುದು ಯಾವ ದೊಡ್ಡ ವಿಷಯ ಎಂದು ನಂಬಿದ್ದೆ. ಆ ನಂಬಿಕೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದೇ ಈ ಪ್ರಕರಣದ ವಿವರ.

ಮೊದಲು ಶುರುವಾದದ್ದು ಸೊಂಟದಿಂದ ಹಿಮ್ಮಡಿಯವರೆಗೆ ಒಂದು ನೋವು. ಡಾಕ್ಟರು ಗುಳಿಗೆ ಕೊಟ್ಟರು. ನುಂಗಿದೆ. ನೋವು ಹೋಯಿತು. ನನ್ನ ಮೂರು ಮಾತಿನ ಸಿದ್ಧಾಂತಕ್ಕೆ ಜಯವಾಯಿತು ಎಂದು ಹಾಸಿಗೆಗೆ ಬೆನ್ನು ಹಚ್ಚಿದೆ ನೋಡಿ, ನೋವಿನ ಹಿಂದೆ ಅಡಗಿ ಕೂತಿದ್ದ ಇನ್ನೊಂದು ಹೊರಬಂತು. ಮೀನಖಂಡದ ಒಳಗೆ ಏನೋ ಹರಿದಾಡಿದಂತೆ. ಒಮ್ಮೆ ಕಾಲು ಝಾಡಿಸಿದರೆ ಹಾಯೆನಿಸುತ್ತದೆ, ಮರುಕ್ಷಣ ಮತ್ತೆ ಝಾಡಿಸಬೇಕು. ಎದ್ದು ಓಡಾಡಿದರೆ ಏನೂ ಇಲ್ಲ. ಮಲಗಿದರೆ ಹಾಜರ್! ಹಗಲೆಲ್ಲ ನನ್ನ ಕೆಲಸ ಮಾಡುವ ಕಾಲುಗಳು ರಾತ್ರಿಯಾದರೆ ತಮ್ಮ ಸ್ವಂತ ಕೆಲಸಕ್ಕೆ ಹೊರಡುತ್ತಿದ್ದವು.

ಮತ್ತೆ ಡಾಕ್ಟರ ಹತ್ತಿರ ಹೋದೆ. ಮೈಸೂರು ಕಡೆಯ ಮನುಷ್ಯ, ಬಹಳ ಮರ್ಯಾದಸ್ಥರು.

"ನೋವು ಹೋಯ್ತೇನಮ್ಮ?"

"ಹೋತ್ರಿ."

"ಮತ್ತೇನು ತೊಂದರೆ?"

"ಕಾಲು ಇರವಲ್ವು ರೀ."

"ಎಲ್ಲಿ ಇರಲ್ಲ?"

"ಎಲ್ಲೂ ಇರವಲ್ವು."

ಡಾಕ್ಟರು ಮೇಜಿನ ಕೆಳಗೆ ಬಗ್ಗಿ ನೋಡಿದರು. ಎರಡೂ ಇದ್ದವು. ಸುಮ್ಮನಿರಲು ಒಲ್ಲವು ಎಂಬುದಕ್ಕೆ ನಾವು ಇರವಲ್ವು ಎನ್ನುತ್ತೇವೆ ಎಂದು ಅವರಿಗೇನು ಗೊತ್ತು?

"ಇಲ್ಲೇ ಇವೆಯಲ್ಲಮ್ಮ!"

"ಈಗ ಅದಾವ್ರಿ. ಮಲಗಿದ ಮ್ಯಾಲೆ ಇರಂಗಿಲ್ಲ. ಒಳಗ ತಿಂತಾವ್ರಿ."

ಅದೊಂದು ಮಾತಿನಲ್ಲಿ ಕೆಟ್ಟೆ. ನಮ್ಮ ಕಡೆ ತಿಂಡಿ ಎಂದರೆ ತುರಿಕೆಯೂ ಹೌದು ಎಂದು ಯಾರೋ ಪುಣ್ಯಾತ್ಮರು ಡಾಕ್ಟರಿಗೆ ಆಗಲೇ ಕಲಿಸಿಬಿಟ್ಟಿದ್ದರು. ಅವರು "ಓಹೋ!" ಎಂದು ನಕ್ಕು, ನೋವಿನ ಗುಳಿಗೆಯ ಜೊತೆಗೆ ತುರಿಕೆಯ ಮುಲಾಮನ್ನೂ ಬರೆದರು. ವಿಧೇಯಳಾಗಿ ಹಚ್ಚಿಕೊಂಡೆ. ಅಲ್ಲಿಯವರೆಗೆ ಒಣ ಕಾಲುಗಳು ಕುಣಿಯುತ್ತಿದ್ದವು, ಆಮೇಲೆ ಜಿಡ್ಡು ಕಾಲುಗಳು ಕುಣಿಯತೊಡಗಿದವು. ಈ ಬೇನೆಗೆ ಒಂದು ಹೆಸರಿದೆ ಎಂದು ಎಷ್ಟೋ ವರ್ಷದ ಮೇಲೆ ದಾವಣಗೆರೆಯಲ್ಲಿ ಗೊತ್ತಾಯಿತು. ಆಗ ನಮ್ಮ ಹತ್ತಿರ ಹೆಸರಿರಲಿಲ್ಲ, ಕಾಲು ಮಾತ್ರ ಇದ್ದವು.

ನಮ್ಮದು ಕಬ್ಬಿಣದ ಮಂಚ. ಕಾಲು ಝಾಡಿಸಿದಾಗಲೆಲ್ಲ ಕಾಲುಂಗುರ ಮಂಚದ ಸರಳಿಗೆ ಬಡಿದು ಟಿಣ್ ಎನ್ನುತ್ತಿತ್ತು. ಪಡಸಾಲೆಯಲ್ಲಿ ಮಲಗುತ್ತಿದ್ದ ಅತ್ತೆಗೆ ಇದು ಕೇಳದೆ ಇರುತ್ತದೆಯೆ? ಒಂದು ಬೆಳಿಗ್ಗೆ ಕರೆದು ವಿಚಾರಣೆ ನಡೆಸಿದರು.

"ಯಾಕ ಗಿರಿಜವ್ವ, ರಾತ್ರಿ ಪೂರಾ ಕಾಲು ಅಲ್ಲಾಡಿಸ್ತಿ? ಕಾಲು ಅಲ್ಲಾಡಿಸೋ ಮನ್ಯಾಗ ಲಕ್ಷ್ಮಿ ನಿಲ್ಲಂಗಿಲ್ಲ."

"ನಾ ಅಲ್ಲಾಡಿಸೋದಲ್ರಿ ಅತ್ತಿ. ಅವ ಅಲ್ಲಾಡ್ತಾವ."

"ನಿನ್ನ ಕಾಲು ನಿನ್ನ ಮಾತು ಕೇಳಂಗಿಲ್ಲಂದ್ರ ಮತ್ಯಾರ ಮಾತು ಕೇಳ್ತಾವ?"

ಇದನ್ನೇ ನಾನೂ ಡಾಕ್ಟರನ್ನು ಕೇಳಬೇಕೆಂದಿದ್ದೆ.

ಇಲ್ಲಿ ಸ್ವಲ್ಪ ನಗು ನಿಲ್ಲಿಸಬೇಕು. ನಿದ್ದೆ ಇಲ್ಲದ ಹೆಂಗಸು ಮೊದಲು ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆ. ಅದು ನಗುವ ಮಾತೇ. ಆಮೇಲೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ತೂಕಡಿಸುತ್ತಾಳೆ. ಅದು ನಗುವ ಮಾತಲ್ಲ. ಒಂದು ದಿನ ನನ್ನ ಸೆರಗಿನ ತುದಿಗೆ ಬೆಂಕಿ ತಾಗಿತು. ಅತ್ತೆ ಓಡಿಬಂದು ತಂಬಿಗೆ ನೀರು ಸುರಿಯದಿದ್ದರೆ ಇದನ್ನು ಹೇಳಲು ನಾನು ಇರುತ್ತಿರಲಿಲ್ಲ. ಅವತ್ತು ನನಗೆ ನಿಜವಾಗಿ ಭಯವಾಯಿತು. ಗಾಯವಿದ್ದರೆ ತೋರಿಸಬಹುದು, ಜ್ವರವಿದ್ದರೆ ಹಣೆ ಮುಟ್ಟಿಸಬಹುದು. ನನ್ನ ಬೇನೆಗೆ ಸಾಕ್ಷಿಯೇ ಇಲ್ಲ. ಹಗಲಲ್ಲಿ ನೋಡಿದರೆ ಗಟ್ಟಿಮುಟ್ಟಾದ ಕಾಲು, ಕೆಂಪಿಲ್ಲ, ಬಾವಿಲ್ಲ. ಓಣಿಯ ಒಂದಿಬ್ಬರು ಗಾಳಿ ಸೋಕಿದೆ ಎಂದೂ ಅಂದರು. ಹುಚ್ಚು ಹಿಡಿಯುವುದು ಹೀಗೆಯೇ ಇರಬಹುದೇನೋ ಎಂದು ನನಗೂ ಅನ್ನಿಸತೊಡಗಿತ್ತು. ನನಗೆ ಬೇಕಾಗಿದ್ದದ್ದು ಬಂಗಾರವಲ್ಲ, ಸೀರೆಯಲ್ಲ. ಒಂದು ರಾತ್ರಿ ನಿದ್ದೆ.

ಪಕ್ಕದ ಮನೆಯ ಶಾಂತಕ್ಕ ಒಳ್ಳೆಯವಳು. ಒಳ್ಳೆಯವರಿಂದಲೇ ನನಗೆ ಹೆಚ್ಚು ಅಪಾಯ ಎಂದು ಆಗ ಗೊತ್ತಿರಲಿಲ್ಲ. ಹರಳೆಣ್ಣೆ ತಿಕ್ಕು ಎಂದಳು, ತಿಕ್ಕಿದೆ. ಉಪ್ಪು ಹುರಿದು ಕಾವು ಕೊಡು ಎಂದಳು, ಕೊಟ್ಟೆ. ಕೊನೆಗೆ, "ಹಳೇ ಸೀರಿ ಹರದು ಎರಡೂ ಕಾಲು ಕೂಡಿಸಿ ಕಟ್ಟಿಬಿಡು. ಎಲ್ಲಿಗೆ ಹೋಗ್ತಾವ ನೋಡೂಣು!" ಎಂದಳು. ಕಟ್ಟಿದೆ. ಮಂಚದ ಸರಳಿಗೂ ಒಂದು ಸುತ್ತು ಹಾಕಿದೆ. ಕಾಲುಗಳು ಎಲ್ಲಿಗೂ ಹೋಗಲಿಲ್ಲ, ಒಳಗೊಳಗೇ ರಾತ್ರಿಯಿಡೀ ಜಗಳವಾಡಿದವು. ಬೆಳಗಿನ ಜಾವ ಒಂದಿಷ್ಟು ಕಣ್ಣು ಹತ್ತಿತು. ಅಷ್ಟರಲ್ಲಿ ಹಾಲಿನವ ಬಾಗಿಲು ಬಡಿದ. ಕಟ್ಟಿಕೊಂಡದ್ದು ಮರೆತು ದಡಕ್ಕನೆ ಎದ್ದೆ. ನಾನು ಎದ್ದೆ, ಕಾಲು ಏಳಲಿಲ್ಲ. ಮುಖ ಕೆಳಗಾಗಿ ನೆಲಕ್ಕೆ ಬಿದ್ದೆ. ಕಾಲು ಸುಮ್ಮನಿರಲಿ ಎಂದು ಮಾಡಿದ ಉಪಾಯಕ್ಕೆ ಮುಂದಿನ ಎಂಟು ದಿನ ಮೂಗು ಬಾತುಕೊಂಡಿತ್ತು. ನೋವಿನ ಗುಳಿಗೆ ಕೊನೆಗೂ ಉಪಯೋಗಕ್ಕೆ ಬಂತು, ಮೂಗಿಗೆ!

ನಮ್ಮ ಮನೆಯವರಿಗೆ ಮಾತು ಕಡಿಮೆ. ಇಡೀ ದಿನ ಗಿರಣಿಯ ಸದ್ದಿನಲ್ಲಿ ಇರುವವರು, ಆಡಿದ ಮಾತು ಯಾರಿಗೂ ಕೇಳುವುದಿಲ್ಲ ಎಂದು ಎಂದೋ ತೀರ್ಮಾನಿಸಿಬಿಟ್ಟಿದ್ದರು. ಜೋಳ ತಂದವರಿಗೆ, "ಸಣ್ಣಗ ಬೇಕೋ, ದಪ್ಪಗ ಬೇಕೋ?" ಎಂದು ಕೇಳುವುದು, ಬಿಸಿ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡುವುದು, ಅಷ್ಟೇ ಅವರ ವ್ಯವಹಾರ. ಬಾತ ಮೂಗಿನ ನನ್ನನ್ನು ಅವತ್ತು ಬಹಳ ಹೊತ್ತು ನೋಡಿದರು. ರಾತ್ರಿ ಬಾಗಿಲು ಮುಂದಕ್ಕೆ ಮಾಡಿ, ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತು ನನ್ನ ಪಾದಕ್ಕೆ ಕೈ ಹಚ್ಚಿದರು.

ನಾನು ಹಾವು ಮುಟ್ಟಿದವಳಂತೆ ಕಾಲು ಎಳೆದುಕೊಂಡೆ. "ಬ್ಯಾಡ್ರಿ! ಗಂಡ ಹೆಂಡತಿ ಕಾಲು ಮುಟ್ಟಬಾರದು. ಪಾಪ ಹತ್ತತೈತಿ."

"ಯಾರಿಗೆ?"

"ನನಗ."

"ಹತ್ತಲಿ ಬಿಡು. ನಿದ್ದಿ ಆದ್ರೂ ಬರತೈತಿ."

ಇಷ್ಟು ಉದ್ದದ ಮಾತನ್ನು ಅವರು ಮದುವೆಯಾದ ಮೇಲೆ ಆಡಿರಲಿಲ್ಲ. ಒತ್ತತೊಡಗಿದರು. ಚೀಲ ಹೊತ್ತು, ಬೆಲ್ಟ್ ಎಳೆದು ಗಟ್ಟಿಯಾದ ಕೈ. ಸ್ವಲ್ಪ ಹೊತ್ತಿಗೆ ರೂಢಿಯ ಬಲದಿಂದ ಕೇಳಿದರು, "ಸಣ್ಣಗ ಬೇಕೋ, ದಪ್ಪಗ ಬೇಕೋ?" ನಾನು ನಗಬೇಕೆಂದುಕೊಂಡೆ. ನಗುವಷ್ಟರಲ್ಲಿ ಬೆಳಗಾಗಿತ್ತು. ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಎಷ್ಟೋ ತಿಂಗಳ ಮೇಲೆ ಮಲಗಿದ ಕಡೆಯೇ ಎದ್ದಿದ್ದೆ. ಮಂಚದ ಮೇಲೆ ಕೂತು ನಾನೊಬ್ಬಳೇ ಕಣ್ಣೀರು ಹಾಕಿದೆ.

ಅಲ್ಲಿಂದ ಅದೇ ಪದ್ಧತಿಯಾಯಿತು. ಆದರೆ ಪಾಪದ ಪ್ರಶ್ನೆ ಇತ್ತಲ್ಲ? ಅದಕ್ಕೂ ಪರಿಹಾರ ಕಂಡುಕೊಂಡೆ. ರಾತ್ರಿ ಅವರು ನನ್ನ ಕಾಲು ಹಿಡಿಯುವುದು, ಬೆಳಿಗ್ಗೆ ಎದ್ದ ಕೂಡಲೆ ನಾನು ಅವರ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಹೀಗೆ ನಮ್ಮ ಮನೆಯಲ್ಲಿ ಕಾಲು ಹಿಡಿಯುವ ಕಾರ್ಯ ಎರಡು ಪಾಳಿಯಲ್ಲಿ ನಡೆಯಿತು. ಅತ್ತೆಗೆ ಏನೂ ಗೊತ್ತಿರಲಿಲ್ಲ. ಟಿಣ್ ಟಿಣ್ ನಿಂತದ್ದನ್ನು ಗಮನಿಸಿ, "ನಾ ಹೇಳಿದ ಮ್ಯಾಲೆ ಬುದ್ಧಿ ಬಂತು ನೋಡು" ಎಂದು ಸಂತೋಷಪಟ್ಟರು. ಸಾರಿನ ಉಪ್ಪು ಸರಿಹೋಯಿತು. ನಾನು ಮತ್ತೆ ಮನುಷ್ಯಳಾದೆ.

ಹೀಗಿರುವಾಗ ಒಂದು ಸಂಜೆ ಕರೆಂಟ್ ಹೋಗಿ, ಗಿರಣಿ ನಿಂತು, ಇವರು ಬೇಗ ಮನೆಗೆ ಬಂದರು. ಅತ್ತೆ ಗುಡಿಗೆ ಹೋಗಿದ್ದರು. ಅವತ್ತು ಕಾಲು ಸಂಜೆಯಿಂದಲೇ ಹರಿದಾಡಲು ಶುರುಮಾಡಿದ್ದವು. "ಮಲಕ್ಕೋ" ಎಂದು ಇವರು ನೆಲಕ್ಕೆ ಕುಳಿತು, ತಲೆ ತಗ್ಗಿಸಿ, ಎರಡೂ ಕೈಯಲ್ಲಿ ನನ್ನ ಎರಡೂ ಪಾದ ಹಿಡಿದುಕೊಂಡರು. ಅದೇ ಹೊತ್ತಿಗೆ ಶಾಂತಕ್ಕನಿಗೆ ಹಾಲಿಗೆ ಹಾಕಲು ಹೆಪ್ಪು ಬೇಕಾಗಬೇಕೆ! ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ. ಹಾಗಾಗಿ ಅವಳು ಕೂಗದೆ ಕರೆಯದೆ ಬಟ್ಟಲು ಹಿಡಿದು ಓಡುತ್ತಲೇ ಒಳಗೆ ಬಂದಳು. ನೋಡಿದಳು. ಬಟ್ಟಲು ಸಮೇತ ಹಾಗೇ ಹಿಂದಕ್ಕೆ ಹೋದಳು.

ಶಾಂತಕ್ಕ ಸುಳ್ಳು ಹೇಳುವವಳಲ್ಲ. ನಲ್ಲಿಯ ಹತ್ತಿರ ಅವಳು ಹೇಳಿದ್ದು ಅಕ್ಷರಶಃ ಕಂಡದ್ದನ್ನೇ: "ಗಿರಣಿಯಪ್ಪ ಹೆಂಡ್ತಿ ಕಾಲು ಹಿಡಕೊಂಡು ಕುಂತಿದ್ದ. ತಲಿ ಎತ್ತಲಿಲ್ಲ!"

ಕನ್ನಡದಲ್ಲಿ ಕಾಲು ಒತ್ತಿದರೆ ಸೇವೆ. ಕಾಲು ಹಿಡಿದರೆ ತಪ್ಪೊಪ್ಪಿಗೆ. ಗಂಡಸೊಬ್ಬ ಹೆಂಡತಿಯ ಕಾಲು ಹಿಡಿಯಬೇಕಾದರೆ ಆ ತಪ್ಪು ಯಾವ ಗಾತ್ರದ್ದಿರಬೇಕು? ಓಣಿ ಈ ಪ್ರಶ್ನೆಯನ್ನು ಬಹಳ ಶ್ರದ್ಧೆಯಿಂದ ಕೈಗೆತ್ತಿಕೊಂಡಿತು. ಇಸ್ಪೀಟು ಎಂದರು ಕೆಲವರು. ಆದರೆ ಇಸ್ಪೀಟಿಗೆ ಯಾರೂ ಕಾಲು ಹಿಡಿಯುವುದಿಲ್ಲ ಎಂದು ಆಡುವವರೇ ಹೇಳಿದರು. ಹಾಗಾದರೆ ಉಳಿದದ್ದು ಒಂದೇ. ಗಿರಣಿಯ ಬೆಲ್ಟು, ಬೇರಿಂಗು ತರಲು ಇವರು ಆಗಾಗ ಹಗರಿಬೊಮ್ಮನಹಳ್ಳಿಗೆ ಹೋಗುತ್ತಿದ್ದರಲ್ಲ! ಅಲ್ಲೊಂದು ಮನೆ ಮಾಡಿದ್ದಾರೆ ಎಂದು ನಿರ್ಣಯವಾಯಿತು. ಸುದ್ದಿ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ದಾಟುವಾಗ ಆ ಮನೆಯಲ್ಲಿ ಒಂದು ಕೂಸು ಹುಟ್ಟಿತು. ಹರಪನಹಳ್ಳಿ ಮುಟ್ಟುವಷ್ಟರಲ್ಲಿ ಕೂಸಿಗೆ ಹಲ್ಲು ಬಂದವು. ನನ್ನ ತವರು ಹಲವಾಗಲಿಗೆ ತಲುಪಿದಾಗ ಅದು ಶಾಲೆಗೆ ಹೋಗುತ್ತಿತ್ತು.

ಗಿರಣಿಯಲ್ಲಿ ಮುದುಕಿಯೊಬ್ಬಳು ಜೋಳದ ಪುಟ್ಟಿ ಇಳಿಸಿ, "ಹೆಣ್ಮಕ್ಕಳ ಕಣ್ಣೀರು ಒಳ್ಳೇದಲ್ಲಪ್ಪಾ" ಎಂದಳಂತೆ. ಇವರು, "ಸಣ್ಣಗ ಬೇಕೋ, ದಪ್ಪಗ ಬೇಕೋ?" ಎಂದರಂತೆ. ಮನೆಗೆ ಬಂದು ನನ್ನನ್ನು ಕೇಳಿದರು, "ನೀ ಯಾಕ ಅಳಾಕತ್ತಿ?" ನಾನು ಅಳುತ್ತಿರಲಿಲ್ಲ. ನಮ್ಮಿಬ್ಬರಿಗೂ ಏನೂ ತಿಳಿಯಲಿಲ್ಲ. ಊರಿಗೆಲ್ಲ ತಿಳಿದಿತ್ತು.

ಆ ಭಾನುವಾರ ಮನೆಯ ಮುಂದೆ ಒಂದು ಜೀಪು ನಿಂತಿತು. ನನ್ನ ಅಣ್ಣ ಇಳಿದ. ಅವನ ಹಿಂದೆ ನಾವು ದೊಡ್ಡಪ್ಪ ಎಂದು ಕರೆಯುವ ಹಲವಾಗಲಿನ ಹಿರಿಯರು, ಅವರ ಹಿಂದೆ ಇನ್ನಿಬ್ಬರು, ಯಾರೂ ನಗುತ್ತಿರಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. ನಮ್ಮಲ್ಲಿ ಬಂದವರು ನೀರು ಮುಟ್ಟಲಿಲ್ಲವೆಂದರೆ ನ್ಯಾಯಕ್ಕೆ ಬಂದಿದ್ದಾರೆ ಎಂದರ್ಥ. ಗಿರಣಿಗೆ ಹೇಳಿಕಳಿಸಿ ಇವರನ್ನು ಕರೆಸಿದರು. ಮೈತುಂಬ ಹಿಟ್ಟಿನೊಂದಿಗೆ ಬಂದು ಕಂಬಕ್ಕೆ ಒರಗಿ ನಿಂತರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುಳಿತರು. ಕಿಟಕಿಯ ಆಚೆ ಶಾಂತಕ್ಕ ಇದ್ದಳು, ಸಾಕ್ಷಿ ಬೇಕಾದರೆ ಇರಲಿ ಎಂದು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಅಳಿಯಂದ್ರೆ, ಒಂದೇ ಮಾತು ಕೇಳ್ತೀನಿ. ಹೌದು ಅನ್ರಿ, ಇಲ್ಲ ಅನ್ರಿ. ನೀವು ನಮ್ಮ ಹುಡುಗಿ ಕಾಲು ಹಿಡಿದಿದ್ದು ಖರೇನೋ, ಸುಳ್ಳೋ?"

ಇವರ ಮುಖ ಹಿಟ್ಟಿನ ಕೆಳಗೂ ಕೆಂಪಾದದ್ದು ನನಗೆ ಕಂಡಿತು. ನೆಲ ನೋಡುತ್ತ, "ಖರೇ" ಎಂದರು.

"ಒಂದೇ ಸಲಾನೋ, ಮತ್ತೆ ಹಿಡಿದೀರೋ?"

"ದಿನಾ ಹಿಡೀತೀನ್ರಿ."

ಅಣ್ಣ ಎದ್ದೇ ನಿಂತ. "ದಿನಾ! ಕೇಳಿದ್ರಾ ದೊಡ್ಡಪ್ಪ? ದಿನಾ ತಪ್ಪು ಮಾಡ್ತಾರೆ, ದಿನಾ ಕಾಲು ಹಿಡೀತಾರೆ! ಭಾವ, ಹಗರಿಬೊಮ್ಮನಹಳ್ಳಿಗೆ ಹೋಗೋದು ಖರೇನಾ?"

"ಹೋಗ್ತೀನಿ. ಬೆಲ್ಟ್ ತರಾಕ."

"ಅದಕ್ಕೆ ಈಗ ಬೆಲ್ಟ್ ಅಂತಾರೇನು!"

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳುವುದು ಹೇಗೆ? ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಂದು ಮನೆ ಮಾಡಿದವನನ್ನು ಊರು ಬೈಯುತ್ತದೆ, ಬೈದು ಮರೆಯುತ್ತದೆ. ರಾತ್ರಿ ಬಾಗಿಲು ಹಾಕಿಕೊಂಡು ಹೆಂಡತಿಯ ಕಾಲು ಒತ್ತುವವನನ್ನು ಊರು ನೋಡಿ ನಗುತ್ತದೆ, ಸಾಯುವವರೆಗೆ. ಹಡೆದ ತಾಯಿ ಅಲ್ಲೇ ಬಾಗಿಲಲ್ಲಿ ಕುಳಿತಿದ್ದಾಳೆ. ಇವರು ಇಲ್ಲದ ಇನ್ನೊಂದು ಮನೆಯನ್ನು ಒಪ್ಪಿಕೊಳ್ಳಲು ತಯಾರಾಗಿದ್ದರು, ಇರುವ ಹೆಂಡತಿಯ ಕಾಲನ್ನು ಹೆಸರಿಸಲು ತಯಾರಿರಲಿಲ್ಲ. ನಾನೂ ಹೇಡಿ. ಗಂಡನ ಕೈಯಿಂದ ಪಾದಸೇವೆ ಮಾಡಿಸಿಕೊಂಡ ಮಹಾತಾಯಿ ಎಂದು ಅತ್ತೆ, ಅಣ್ಣ, ಹಿರಿಯರ ಮುಂದೆ ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ. ಅದನ್ನು ನೋಡಿ ಎಲ್ಲರೂ ನಾನು ಅಳುತ್ತಿದ್ದೇನೆ ಎಂದುಕೊಂಡರು.

"ತಪ್ಪಾಗೈತ್ರಿ" ಎಂದರು ಇವರು ಕೊನೆಗೆ.

"ಯಾವ ತಪ್ಪು?"

"ನೀವು ಯಾವುದು ಅಂತೀರೋ ಅದು."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಮಗನ ಮುಖವನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು.

ದೊಡ್ಡಪ್ಪ ಒಳ್ಳೆಯ ಮನುಷ್ಯರು. ಸಂಸಾರ ಒಡೆಯಲು ಬಂದವರಲ್ಲ. ಒಪ್ಪಿಕೊಂಡವನನ್ನು ಹೆಚ್ಚು ಕೆದಕಬಾರದು ಎಂದು ಅಣ್ಣನನ್ನು ಕೂರಿಸಿ, ನ್ಯಾಯ ಹೇಳಿದರು. "ಆಗಿದ್ದು ಆತು. ವಿಭೂತಿ ತರ್ರಿ. ಇನ್ನು ಮುಂದೆ ಈ ಜನ್ಮದಾಗೆ ಹೆಂಡ್ತಿ ಕಾಲು ಹಿಡಿಯಲ್ಲ ಅಂತ ವಿಭೂತಿ ಮುಟ್ಟಿ ಆಣೆ ಮಾಡ್ರಿ. ಹಿಡಿಯಲ್ಲ ಅಂದ್ರೆ, ಹಿಡಿಯೋ ಅಂಥ ಕೆಲಸಾನೂ ಮಾಡಲ್ಲ ಅಂತ ಅರ್ಥ."

ಎಲ್ಲರೂ ತಲೆದೂಗಿದರು. ಅತ್ತೆ ದೇವರ ಗೂಡಿನಿಂದ ವಿಭೂತಿಯ ಗಟ್ಟಿ ತಂದು ತಟ್ಟೆಯಲ್ಲಿಟ್ಟರು. ಇವರು ಒಳ್ಳೆಯ ದಾರಿ ಸಿಕ್ಕಿತೆಂಬಂತೆ ಹಿಟ್ಟಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಮುಂದೆ ಬಂದರು.

ನಮ್ಮ ಮನೆಯವರ ಆಣೆ ಎಂಥದ್ದೆಂದು ನನಗೆ ಗೊತ್ತು. ಮದುವೆಯ ವರ್ಷ ವಿಭೂತಿ ಮುಟ್ಟಿ ಬೀಡಿ ಬಿಟ್ಟವರು, ಇಂದಿಗೂ ಬೀಡಿ ಸೇದುವವರ ಪಕ್ಕ ಕೂರುವುದಿಲ್ಲ. ಆ ಕೈ ತಟ್ಟೆಯ ಕಡೆ ಹೋಗುತ್ತಿತ್ತು. ಅದರ ಹಿಂದೆ ನನ್ನ ಮುಂದಿನ ರಾತ್ರಿಗಳೆಲ್ಲ ಹೋಗುತ್ತಿದ್ದವು. ಮತ್ತೆ ಆ ಮಂಚ, ಮತ್ತೆ ಆ ತೂಕಡಿಕೆ, ಮತ್ತೆ ಸೆರಗಿಗೆ ಬೆಂಕಿ. ನನಗೆ ಮಾನ ಮರ್ಯಾದೆ ಎಲ್ಲ ಮರೆತುಹೋಯಿತು. ಜಿಗಿದು ಆ ಕೈ ಹಿಡಿದುಕೊಂಡು ಕಿರುಚಿದೆ:

"ಆಣಿ ಮಾಡಬ್ಯಾಡ್ರಿ! ಹಿಡೀರಿ! ದಿನಾ ಹಿಡೀರಿ! ನಾ ಸಾಯೋತನಕ ನನ್ನ ಕಾಲು ಹಿಡೀರಿ!"

ಕಿಟಕಿಯಿಂದ ಶಾಂತಕ್ಕನ ದನಿ ಕೇಳಿತು, "ಅಬ್ಬಬ್ಬಾ, ಎಂಥಾ ಸೊಕ್ಕ!"

ಅಣ್ಣನ ಬಾಯಿ ತೆರೆದಂತೆಯೇ ಇತ್ತು. ದೊಡ್ಡಪ್ಪ ಮೊದಲ ಬಾರಿಗೆ ನಮ್ಮ ಮನೆಯವರನ್ನು ಕನಿಕರದಿಂದ ನೋಡಿದರು. ಪರಿಸ್ಥಿತಿ ಕೈಮೀರುತ್ತಿದೆ ಎಂದು ನನಗೆ ತಿಳಿಯಿತು. ಸರಿಪಡಿಸಲು ಹೋದೆ. "ಹಂಗಲ್ರಿ ದೊಡ್ಡಪ್ಪಾರೆ, ಹಿಡಿಯೋದಂದ್ರ ಹಿಡಿಯೋದಲ್ಲ! ಒತ್ತೋದು! ಕಾಲು ಇರವಲ್ವು!" ಎನ್ನುತ್ತ, ಅವರಿಗೆ ಅರ್ಥವಾಗಲೆಂದು ಅಲ್ಲೇ ನೆಲಕ್ಕೆ ಕುಳಿತು ಎರಡೂ ಕಾಲುಗಳನ್ನು ಅವರ ಕಡೆಗೆ ಚಾಚಿದೆ. "ಇಲ್ಲಿ ನೋಡ್ರಿ, ಇಲ್ಲಿ, ಈ ಮೀನಖಂಡ!"

ಹಿರಿಯರ ಮುಂದೆ ಕಾಲು ಚಾಚಬಾರದು ಎಂದು ನಮ್ಮಲ್ಲಿ ಮಕ್ಕಳಿಗೆ ನಡೆಯುವ ಮೊದಲೇ ಕಲಿಸುತ್ತಾರೆ. ನಾನು ನಾಲ್ವರು ಹಿರಿಯರ ಮುಂದೆ ಏಕಕಾಲಕ್ಕೆ ಚಾಚಿದ್ದೆ. ಚಾಚಿದ ಕಾಲು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ತೋಚದೆ, ಹಾಗೆಯೇ ಕುಳಿತು ಎಲ್ಲ ಹೇಳಿದೆ. ಗುಳಿಗೆ, ಮುಲಾಮು, ಕಟ್ಟಿದ ಕಾಲು, ಬಾತ ಮೂಗು, ಸೆರಗಿನ ಬೆಂಕಿ, ಬಾಗಿಲು ಹಾಕಿದ ರಾತ್ರಿಗಳು. ಹೇಳುತ್ತ ಹೇಳುತ್ತ ನಿಜವಾಗಿಯೂ ಅತ್ತುಬಿಟ್ಟೆ. ಇವರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಬೆನ್ನ ಮೇಲಿನ ಹಿಟ್ಟಿನಲ್ಲಿ ಕಂಬದ ಗುರುತು ಮೂಡಿತ್ತು.

ದೊಡ್ಡಪ್ಪ ಅಣ್ಣನ ಕಡೆ ತಿರುಗಿ, "ಕಾಲು ಒತ್ತಿದ್ದಕ್ಕೆ ಜೀಪು ಮಾಡ್ಕೊಂಡು ಬಂದ್ವೇನಪ್ಪಾ ನಾವು?" ಎಂದರು.

ಅಣ್ಣ ತಲೆ ಮೇಲೆ ಕೈ ಹೊತ್ತುಕೊಂಡ. "ತಂಗಿ, ಇದಕ್ಕಿಂತ ಅವರು ಇನ್ನೊಂದು ಮನೆ ಮಾಡಿದ್ರೇ ವಾಸಿ ಇತ್ತು. ಊರಾಗೆ ಹೇಳಾಕಾದ್ರೂ ಬರ್ತಿತ್ತು!"

ಆಮೇಲೆ ಎಲ್ಲರೂ ನೀರು ಕುಡಿದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದರು, ಒಬ್ಬರ ಮುಖ ಒಬ್ಬರು ನೋಡದೆ. ಜೀಪು ಹೋಯಿತು. ಇವರು ಗಿರಣಿಗೆ ಹೋದರು. ಅತ್ತೆ ವಿಭೂತಿಯನ್ನು ಗೂಡಿನಲ್ಲಿಟ್ಟು, ಮುಸುರೆ ತಿಕ್ಕಿ, ಕಸ ಗುಡಿಸಿ, ಊಟ ಮಾಡಿ, ಪಡಸಾಲೆಯಲ್ಲಿ ಚಾಪೆ ಹಾಸಿದರು. ಬೈದಿದ್ದರೆ ಚೆನ್ನಾಗಿತ್ತು. ಇಪ್ಪತ್ತು ವರ್ಷದಲ್ಲಿ ಅವರು ಬೈಯದೆ ಮಲಗಿದ ದಿನ ಅದೊಂದೇ ಇರಬೇಕು.

ಮಲಗಿದೆ. ಕಾಲು ಶುರುಮಾಡಿದವು. ಇವರು ಒಳಗೆ ಬರಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ತಾಯಿಗೆ ಗೊತ್ತಾದ ಮೇಲೆ ಅವಳ ಮುಂದೆ ಹಾದು ಬಂದು ಬಾಗಿಲು ಹಾಕಿಕೊಳ್ಳುವುದು ಹೇಗೆ? ಕರೆಯಲು ನನಗೂ ಮುಖವಿಲ್ಲ. ಟಿಣ್ ಎಂದಿತು ಮಂಚ. ಸ್ವಲ್ಪ ತಡೆದು ಮತ್ತೆ ಟಿಣ್.

ಪಡಸಾಲೆಯಲ್ಲಿ ಅತ್ತೆ ಎದ್ದು ಕುಳಿತ ಸದ್ದಾಯಿತು. "ಏ ತಮ್ಮಾ" ಎಂದು ಮಗನನ್ನು ಕೂಗಿದರು. "ಬಾರೋ ಒಳಗ. ಊರಿಗೆಲ್ಲ ಗೊತ್ತಾಗೈತಿ, ಇನ್ನೇನು ಕದ್ದು ಮಾಡೋದು ಐತಿ?"

ಇವರು ಬಂದರು. ನೆಲಕ್ಕೆ ಕುಳಿತು ಕಾಲು ಮುಟ್ಟಿದರು. ನಾನು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ. ಅತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

"ಹಂಗಲ್ಲೋ. ಹಿಟ್ಟು ನೋಡಿದಂಗ ನೋಡ್ತಿಯಲ್ಲ! ಸರಿ ಅತ್ಲಾಗ."

ಸರಿಯುವುದೆಂದರೆ ಏನು ಎಂದು ನಾನು ಕಣ್ಣು ತೆರೆಯುವಷ್ಟರಲ್ಲಿ ಅತ್ತೆ ಮಂಚದ ಅಂಚಿಗೆ ಕುಳಿತು, ನನ್ನ ಎಡಗಾಲು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನನಗೆ ಜೀವ ಹೋದಂತಾಯಿತು.

"ಅಯ್ಯೋ ಅತ್ತಿ! ಬ್ಯಾಡ್ರಿ!"

"ಸುಮ್ಮನ ಮಲಕ್ಕೋ."

ಬಲಗಾಲು ಮಗನ ಕೈಯಲ್ಲಿ, ಎಡಗಾಲು ತಾಯಿಯ ಕೈಯಲ್ಲಿ. ಅತ್ತೆಯ ಕೈ ಒರಟು, ಬಿಸಿ. ಎಲ್ಲಿ ಒತ್ತಬೇಕೋ ಅಲ್ಲಿಗೇ ಹೋಗುತ್ತಿತ್ತು, ಹೇಳಿಕೊಡಬೇಕಾಗಿರಲಿಲ್ಲ. ಕಾಲು ಎರಡೂ ನಿಧಾನಕ್ಕೆ ತಣ್ಣಗಾದವು. ಆಗ ಅತ್ತೆ, ನನಗೋ ಮಗನಿಗೋ ತಮಗೋ ಎಂದು ತಿಳಿಯದ ಹಾಗೆ ಅಂದರು:

"ನನಗೂ ಕಾಲು ಅದಾವ. ಯಾರೂ ಕೇಳಲಿಲ್ಲ."

ಅತ್ತೆಯ ಮಾತಿಗೆ ಏನಾದರೂ ಹೇಳಬೇಕು, ಎದ್ದು ಅವರನ್ನು ತಬ್ಬಿಕೊಳ್ಳಬೇಕು, ಎಷ್ಟು ವರ್ಷದಿಂದ ಎಂದು ಕೇಳಬೇಕು, ನಾಳೆಯಿಂದ ನಾನು ಒತ್ತುತ್ತೇನೆ ಎನ್ನಬೇಕು. ಇಷ್ಟೆಲ್ಲ ಒಟ್ಟಿಗೆ ಬಂತು. ಹೇಳಲೆಂದು ಬಾಯಿ ತೆರೆದೆ.

ಬಾಯಿ ತೆರೆದದ್ದು ನೆನಪಿದೆ.

ಬೆಳಿಗ್ಗೆ ಅತ್ತೆ ಒಲೆಗೆ ಪುಳ್ಳೆ ಒಟ್ಟುತ್ತ ನನ್ನ ಕಡೆ ನೋಡದೆಯೇ ಅಂದರು, "ಹುಟ್ಟಿದಾಗಿಂದ ಯಾರ ಮುಂದೂ ಆಡದ ಮಾತು ಎಲ್ಲಾ ಆಡಿದೆ. ಕಣ್ಣೀರು ಒರಸಿಕೊಂಡು ನೋಡ್ತೀನಿ, ನೀನು ಬಾಯಿ ತಕ್ಕೊಂಡು ಗೊರಕಿ ಹೊಡ್ಯಾಕತ್ತಿ!"

"ಇನ್ನೊಮ್ಮೆ ಹೇಳ್ರಿ ಅತ್ತಿ. ಕೇಳ್ತೀನಿ."

"ಹೋಗವ್ವ. ಅಂಥವು ಒಂದ ಸಲ ಆಡೋ ಮಾತು."

ಇವರನ್ನು ಕೇಳಿದೆ, ಅವ್ವ ಏನು ಹೇಳಿದರು ಎಂದು. "ಭಾಳ ಹೇಳಿದ್ಲು" ಎಂದರು, ಮತ್ತೆ ಮುಖ ತಿರುಗಿಸಿ ಗಿರಣಿಗೆ ಹೋದರು. ಅದರ ಮೇಲೆ ಅತ್ತೆ ಹನ್ನೊಂದು ವರ್ಷ ಬದುಕಿದ್ದರು. ಪ್ರತಿ ರಾತ್ರಿ ಅವರ ಕಾಲು ಒತ್ತಿದೆ, ಒತ್ತುವಾಗ ಎಷ್ಟೋ ಸಲ ಕೇಳಿದೆ. ಮಳೆಯ ಬಗ್ಗೆ ಮಾತಾಡಿದರು, ಜೋಳದ ಬಗ್ಗೆ ಮಾತಾಡಿದರು, ಶಾಂತಕ್ಕನ ಸೊಸೆಯ ಬಗ್ಗೆ ಬಹಳ ಮಾತಾಡಿದರು. ಅದನ್ನು ಮಾತ್ರ ಮತ್ತೆ ಆಡಲಿಲ್ಲ. ಇಡೀ ಜನ್ಮದಲ್ಲಿ ನಾನು ಎಚ್ಚರವಾಗಿರಬೇಕಾಗಿದ್ದದ್ದು ಅದೊಂದು ರಾತ್ರಿ. ಅವತ್ತೇ ನಿದ್ದೆ ಬಂತು!